ಒಂದಿರುಳಿನ ನೆಲೆ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ವ್ಯಾಪಾರ ನಡೆಯುವುದು ವಾರದಲ್ಲಿ ಮುಖ್ಯವಾಗಿ ಎರಡು ದಿನ: ಸೋಮವಾರ ಮತ್ತು ಗುರುವಾರ. ಸುಗ್ಗಿಯ ತಿಂಗಳುಗಳಲ್ಲಿ ಆ ದಿನಗಳ ಹಿಂದಿನ ಸಂಜೆಯಿಂದಲೇ ಊರಿನ ದಾರಿಗಳಲ್ಲಿ ಲಾರಿಗಳು ಸಾಲುಗಟ್ಟುತ್ತವೆ. ಗದಗ, ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳಿಂದಲೂ ಆಂಧ್ರಪ್ರದೇಶದ ಕರ್ನೂಲು ಸೀಮೆಯಿಂದಲೂ ಚೀಲಗಳು ಬರುತ್ತವೆ. ಚೀಲಗಳೊಡನೆ ಅವುಗಳ ಒಡೆಯರೂ ಬರುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪು ಬಣ್ಣವನ್ನೂ ಸುಕ್ಕುಗಟ್ಟಿದ ಸಿಪ್ಪೆಯನ್ನೂ ಬಲ್ಲವರು ದೇಶವಿದೇಶಗಳಲ್ಲಿದ್ದಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರಕಿತು. ಆದರೆ ಆ ಕಾಯಿಯನ್ನು ಬೆಳೆದು ತಂದವನು ಆ ರಾತ್ರಿ ಎಲ್ಲಿ ಮಲಗಿದನೆಂದು ವಿಚಾರಿಸಿದವರು ವಿರಳ.

ಅವನು ಮಲಗುವುದು ಸಾಮಾನ್ಯವಾಗಿ ಚೀಲಗಳ ಮೇಲೆ, ಇಲ್ಲವೆ ದಲಾಲಿ ಅಂಗಡಿಯ ಕಟ್ಟೆಯ ಮೇಲೆ. ಹಾಸಲು ಖಾಲಿ ಚೀಲ, ಹೊದೆಯಲು ಮನೆಯಿಂದ ತಂದ ಕಂಬಳಿ, ತಲೆದೆಸೆಯಲ್ಲಿ ರೊಟ್ಟಿಯ ಗಂಟು. ಗಾಳಿಯಲ್ಲಿ ತೇಲುವ ಘಾಟಿಗೆ ಅವನ ಮೂಗು ಒಗ್ಗಿರುತ್ತದೆ. ಹೀಗೇಕೆ ಮಲಗುತ್ತೀಯೆಂದು ಕೇಳಿದರೆ ಮಾಲು ಕಾಯಬೇಕಲ್ಲ ಎನ್ನುತ್ತಾನೆ. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ಕೈಗೆಟುಕುವ ಬಾಡಿಗೆಯ ಕೋಣೆಯೊಂದು ಸಮೀಪದಲ್ಲಿದ್ದಿದ್ದರೆ ಚೀಲಗಳ ಕಾವಲಿಗೆ ಒಬ್ಬನನ್ನು ಬಿಟ್ಟು ಉಳಿದ ಮೂವರು ನಿದ್ರಿಸಬಹುದಾಗಿತ್ತು.

ಇದು ಕೇವಲ ಸುಖದ ಮಾತೆಂದು ತಿಳಿಯುವುದು ತಪ್ಪು. ಮಾರುಕಟ್ಟೆಯ ದಿನ ವರ್ತಕರು ಮಾಲನ್ನು ಕೈಯಲ್ಲಿ ಹಿಡಿದು ನೋಡಿ ತಮ್ಮ ತಮ್ಮ ದರವನ್ನು ನಮೂದಿಸುತ್ತಾರೆ. ಯಾವ ರಾಶಿಗೆ ಯಾವ ದರ ಬಂತೆಂಬುದು ಆಮೇಲೆ ತಿಳಿಯುತ್ತದೆ. ಬಂದ ದರ ಮನಸ್ಸಿಗೆ ಒಪ್ಪದಿದ್ದರೆ ಮಾಲನ್ನು ಕೊಡದೆ ಉಳಿಸಿಕೊಳ್ಳುವ ಹಕ್ಕು ರೈತನಿಗೆ ಇದ್ದೇ ಇದೆ. ಆದರೆ ಹಕ್ಕು ಬೇರೆ, ಅದನ್ನು ಚಲಾಯಿಸುವ ಶಕ್ತಿ ಬೇರೆ. ಸೋಮವಾರ ಬೇಡವೆಂದವನು ಗುರುವಾರದವರೆಗೆ ಕಾಯಬೇಕು. ನಡುವೆ ಮೂರು ರಾತ್ರಿಗಳಿವೆ. ಊರಿಗೆ ಹೋಗಿ ಮರಳುವುದಕ್ಕೆ ನೂರು ಮೈಲಿಗೂ ಮಿಕ್ಕಿದ ದಾರಿ. ಇಲ್ಲಿಯೇ ನಿಲ್ಲುವುದಕ್ಕೆ ನೆಲೆಯಿಲ್ಲ. 'ಬೇಡ' ಎಂಬ ಎರಡಕ್ಷರದ ಬೆಲೆ ಮೂರಿರುಳಿನ ಬಾಡಿಗೆಗೆ ಸಮನಾಗಿ ನಿಲ್ಲುವುದು ಇಲ್ಲಿ. ಸಂಜೆಯ ಲಾರಿಗೆ ಹಿಂದಿರುಗಲೇಬೇಕಾದವನು ಮಧ್ಯಾಹ್ನದ ದರಕ್ಕೆ ತಲೆಬಾಗುತ್ತಾನೆ. ಮಾಲನ್ನು ಶೀತಲಗೃಹದಲ್ಲಿ ಇಡಬಹುದು ನಿಜ. ಬ್ಯಾಡಗಿಯಲ್ಲಿ ಅಂತಹ ಗೃಹಗಳು ಹಲವಿವೆ. ಮೆಣಸಿನಕಾಯಿಗೆ ಅಲ್ಲಿ ತಣ್ಣನೆಯ ಕೋಣೆಯುಂಟು, ಅದನ್ನು ಬೆಳೆದವನಿಗೆ ಇಲ್ಲ ಎಂಬುದೇ ಈ ಪೇಟೆಯ ವೈಚಿತ್ರ್ಯ.

2024ರ ಮಾರ್ಚ್ 11ರಂದು, ಅದೂ ಒಂದು ಸೋಮವಾರವೇ, ದರ ಕುಸಿಯಿತೆಂದು ಇದೇ ಮಾರುಕಟ್ಟೆಯಲ್ಲಿ ರೈತರ ಆಕ್ರೋಶ ಭುಗಿಲೆದ್ದು ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿ ಬಿದ್ದಿತು. ಆ ದಿನದ ಕಾರಣಗಳು ಅನೇಕ. ನಾಲ್ಕು ಕೋಣೆಗಳಿದ್ದರೆ ಅದು ತಪ್ಪುತ್ತಿತ್ತೆಂದು ಹೇಳುವುದು ಹುಡುಗಾಟವಾದೀತು. ಆದರೂ ದೂರದಿಂದ ಬಂದು, ನಿದ್ದೆಗೆಟ್ಟು, ಇಂದೇ ಮಾರಿ ಇಂದೇ ಹೊರಡಬೇಕೆಂಬ ಇಕ್ಕಟ್ಟಿನಲ್ಲಿ ನಿಂತ ಸಾವಿರಾರು ಜನರಿಗೆ ಕುಸಿದ ದರ ಹೇಗೆ ತಟ್ಟುವುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಪಯಣಿಗನಿಗೆ ನೆಲೆ ಕೊಡುವುದು ಕನ್ನಡ ನಾಡಿಗೆ ಹೊಸ ವಿಚಾರವೇನೂ ಅಲ್ಲ. ರಾಣೆಬೆನ್ನೂರಿಗೆ ಬಹಳ ದೂರವಲ್ಲದ ಬಳ್ಳಿಗಾವಿಯಲ್ಲಿ ಕೋಡಿಯ ಮಠವೆಂಬ ದೊಡ್ಡ ವಿದ್ಯಾಸ್ಥಾನವಿತ್ತು. 1162ರ ಶಾಸನವೊಂದು ಆ ಮಠವನ್ನು ವರ್ಣಿಸುವಾಗ ಅಲ್ಲಿ ಓದುತ್ತಿದ್ದ ಶಾಸ್ತ್ರಗಳ ಪಟ್ಟಿಯನ್ನಷ್ಟೇ ಕೊಟ್ಟು ಸುಮ್ಮನಾಗುವುದಿಲ್ಲ. ದೀನರಿಗೂ ಅಂಗವಿಕಲರಿಗೂ ನಾನಾ ಮತಗಳ ಭಿಕ್ಷುಗಳಿಗೂ ಅನ್ನ ದೊರೆಯುವ, ರೋಗಿಗಳಿಗೆ ಚಿಕಿತ್ಸೆ ದೊರೆಯುವ ತಾಣವದೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಪಾಂಡಿತ್ಯ ಮತ್ತು ಊಟ ಒಂದೇ ಸೂರಿನ ಕೆಳಗಿದ್ದವು. ಇಂತಹ ದಾನಶಾಲೆಗಳಿಗೆ ಸತ್ರವೆಂದು ಹೆಸರು. ಆ ಸತ್ರವೇ ಜನರ ನಾಲಗೆಯ ಮೇಲೆ ಛತ್ರವಾಯಿತು. ಈಚೆಗೆ ಆ ಪದಕ್ಕೆ ಒದಗಿದ ಗತಿ ಮಾತ್ರ ಸೋಜಿಗದ್ದು: ಇಂದು ಬೆಂಗಳೂರಿನಲ್ಲಿ ಛತ್ರ ಗೊತ್ತುಮಾಡುವುದೆಂದರೆ ಮಗಳ ಮದುವೆಗಾಗಿ ಸಾಲ ಮಾಡುವುದೆಂದೇ ಅರ್ಥ.

ಹಾಗಾಗದೆ ಉಳಿದು ಬಂದ ಒಂದು ಛತ್ರವನ್ನು ಇಲ್ಲಿ ನೆನೆಯಬೇಕು. ರಾಣೆಬೆನ್ನೂರಿನಲ್ಲಿ ರಾತ್ರಿಯ ರೈಲು ಹತ್ತಿದವನು ನಸುಕಿನಲ್ಲಿ ಬೆಂಗಳೂರಿನ ದೊಡ್ಡ ನಿಲ್ದಾಣದಲ್ಲಿ ಇಳಿಯುತ್ತಾನೆ. ನಿಲ್ದಾಣದಿಂದ ಹೊರಬಂದವನಿಗೆ ನಡೆದು ಹೋಗುವಷ್ಟು ಸಮೀಪದಲ್ಲಿಯೇ ತೋಟದಪ್ಪನವರ ಛತ್ರವಿದೆ. ಗುಬ್ಬಿಯಿಂದ ಬಂದು ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ಹಣ ಗಳಿಸಿದ ತೋಟದಪ್ಪನವರು 1897ರಲ್ಲಿ ರೈಲ್ವೆಯವರಿಂದ ಆ ಜಾಗವನ್ನು ಕೊಂಡು ಛತ್ರವನ್ನು ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಉದ್ಘಾಟನೆ ಮಾಡಿದರು. ದಾನಿಗಳು ಅನೇಕರಿದ್ದಾರೆ, ಆದರೆ ದಾನವನ್ನು ಎಲ್ಲಿ ಇಡಬೇಕೆಂದು ಬಲ್ಲವರು ಕಡಿಮೆ. ತೋಟದಪ್ಪನವರು ಛತ್ರವನ್ನು ತಮ್ಮ ಹುಟ್ಟೂರಿನ ಕೆರೆಯ ಏರಿಯ ಮೇಲೆ ಕಟ್ಟಲಿಲ್ಲ, ದೇವಾಲಯದ ನೆರಳಿನಲ್ಲಿ ಕಟ್ಟಲಿಲ್ಲ. ಅಪರಿಚಿತ ನಗರದಲ್ಲಿ ಗಂಟುಮೂಟೆಯೊಡನೆ ಇಳಿದ ಮನುಷ್ಯ ದಿಕ್ಕುತೋಚದೆ ನಿಲ್ಲುವ ಮೊದಲ ಸ್ಥಳ ಯಾವುದೋ ಅಲ್ಲಿಯೇ ಕಟ್ಟಿದರು. ವಿದ್ಯಾರ್ಥಿಗಳ ವಸತಿಗೂ ವ್ಯವಸ್ಥೆ ಮಾಡಿದರು. ವ್ಯಾಪಾರಿಯ ಕಣ್ಣು ಧರ್ಮಕ್ಕೆ ಒದಗಿದರೆ ಏನಾಗುವುದೆಂಬುದಕ್ಕೆ ಇದೊಂದು ನಿದರ್ಶನ.

ಹಳೆಯ ಛತ್ರಗಳನ್ನು ಹೊಗಳುವಾಗ ಒಂದು ಮಾತನ್ನು ಮರೆಮಾಡುವುದು ನ್ಯಾಯವಲ್ಲ. ಅವುಗಳಲ್ಲಿ ಬಹಳಷ್ಟು ಎಲ್ಲರಿಗಾಗಿ ಇರಲಿಲ್ಲ. ಇಂಥ ಜಾತಿಯವರಿಗೆ ಒಳಗಿನ ಅಂಕಣ, ಇಂಥವರಿಗೆ ಹೊರಗಿನ ಜಗಲಿ, ಇಂಥವರಿಗೆ ಏನೂ ಇಲ್ಲ ಎಂಬ ಕಟ್ಟಳೆಗಳು ನಡೆಯುತ್ತಿದ್ದವು. 1917ರಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಮರಳಿದ ಅಂಬೇಡ್ಕರರು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಅವರ ವಿದೇಶದ ವ್ಯಾಸಂಗಕ್ಕೆ ಆ ಸಂಸ್ಥಾನವೇ ಹಣ ಕೊಟ್ಟಿತ್ತು. ಆದರೆ ಆ ನಗರದಲ್ಲಿ ಅವರಿಗೆ ಮಲಗಲು ಸ್ಥಳ ಸಿಗಲಿಲ್ಲ. ಕೊನೆಗೆ ಪಾರಸಿಗಳ ವಸತಿಗೃಹವೊಂದರಲ್ಲಿ ಪಾರಸಿ ಹೆಸರಿನಿಂದ ಬಾಡಿಗೆ ಕೊಟ್ಟು ಕೆಲವು ದಿನ ಇದ್ದರು. ಅವರಾರೆಂದು ತಿಳಿದಾಗ ಕೋಲು ಹಿಡಿದ ಜನ ಬಂದು ಹೊರಡಿಸಿದರು. ನಗರದ ಉದ್ಯಾನವೊಂದರಲ್ಲಿ ಕುಳಿತು ಹೊತ್ತು ಕಳೆದು ಅವರು ಮುಂಬಯಿಗೆ ಮರಳಬೇಕಾಯಿತು. ಈ ಪ್ರಸಂಗವನ್ನು ಅವರೇ 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ದಾಖಲಿಸಿದ್ದಾರೆ. ಪದವಿಯಿತ್ತು, ಹುದ್ದೆಯಿತ್ತು, ಬಾಡಿಗೆ ಕೊಡಲು ಹಣವೂ ಇತ್ತು. ಹಾಸಿಗೆಯೊಂದು ಇಲ್ಲದ್ದರಿಂದ ಅವೆಲ್ಲವೂ ವ್ಯರ್ಥವಾದವು. ಹೋಟೆಲುಗಳಲ್ಲಿ ಜಾತಿ ಮತಗಳ ಕಾರಣದಿಂದ ಯಾರನ್ನೂ ತಡೆಯಕೂಡದೆಂಬ ವಿಧಿ 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದದಲ್ಲಿ ಸೇರಿದುದರ ತೂಕ ಈ ಕಥೆಯನ್ನು ಬಲ್ಲವರಿಗೆ ಚೆನ್ನಾಗಿ ತಿಳಿಯುತ್ತದೆ.

ಆದುದರಿಂದ ಅಗ್ಗದ ವಸತಿ ಬೇಕೆನ್ನುವಾಗ ಹಳೆಯ ಛತ್ರವನ್ನು ಹಾಗೆಯೇ ಮರಳಿ ಕಟ್ಟಬೇಕೆಂದು ಯಾರೂ ಬಯಸಲಾರರು. ದಾನದ ಬಾಗಿಲಿನಲ್ಲಿ 'ನೀನಾರು' ಎಂಬ ಪ್ರಶ್ನೆ ಹುಟ್ಟುತ್ತದೆ. ಬಾಡಿಗೆಯ ಬಾಗಿಲಿನಲ್ಲಿ 'ಎಷ್ಟು ದಿನ' ಎಂಬುದಷ್ಟೇ ಪ್ರಶ್ನೆಯಾಗಬೇಕು. ಸ್ವಲ್ಪವಾದರೂ ಹಣ ಕೊಟ್ಟು ಮಲಗಿದವನು ಬೆಳಗ್ಗೆ ಯಾರಿಗೂ ಕೈಮುಗಿಯದೆ ಎದ್ದು ಹೋಗಬಲ್ಲನು. ದಲಾಲಿ ಅಂಗಡಿಯ ಕಟ್ಟೆಯ ಆತಿಥ್ಯದಲ್ಲಿ ಪ್ರೀತಿಯಿಲ್ಲವೆಂದಲ್ಲ, ಎಷ್ಟೋ ಸಲ ಅದು ಮೂರು ತಲೆಮಾರಿನ ಸ್ನೇಹ. ಆದರೂ ಉಂಡ ಮನೆಯ ಮುಂದೆ ದರ ಸಾಲದೆನ್ನಲು ನಾಲಗೆ ಏಳುವುದು ಕಷ್ಟ.

ಈ ವಿಚಾರದಲ್ಲಿ ಜಪಾನಿನ ಒಸಾಕಾ ನಗರ ನೋಡತಕ್ಕದ್ದಾಗಿದೆ. ಒಸಾಕಾ ಮೊದಲಿನಿಂದಲೂ ವರ್ತಕರ ಊರು. ದೇಶದ ಭತ್ತವೆಲ್ಲ ಅಲ್ಲಿಗೆ ಹರಿದುಬರುತ್ತಿದ್ದುದರಿಂದ ಅದನ್ನು ದೇಶದ ಅಡುಗೆಮನೆಯೆಂದು ಕರೆಯುತ್ತಿದ್ದರು. ಅಲ್ಲಿನ ದೋಜಿಮಾ ಅಕ್ಕಿ ಪೇಟೆಗೆ 1730ರಲ್ಲಿಯೇ ಸರಕಾರದ ಮನ್ನಣೆ ದೊರೆತಿತ್ತು. ಪೇಟೆಯಿದ್ದಲ್ಲಿ ಪರ ಊರವರು ಬರುತ್ತಾರೆ, ಬಂದವರು ಮಲಗಲೇಬೇಕು. ಆ ಕಾಲದ ಜಪಾನಿನಲ್ಲಿ ಬಡ ಪ್ರಯಾಣಿಕರಿಗಾಗಿ 'ಕಿಚಿನ್‌ಯಾದೊ' ಎಂಬ ವಸತಿಗಳಿದ್ದವು. ಆ ಹೆಸರಿಗೆ ಸೌದೆಯ ಬಾಡಿಗೆಯ ಮನೆ ಎಂದು ಅರ್ಥ. ಪ್ರಯಾಣಿಕನು ಅಕ್ಕಿಯನ್ನು ತಾನೇ ತಂದು ಬೇಯಿಸಿಕೊಳ್ಳುತ್ತಿದ್ದನು; ಮನೆಯವನಿಗೆ ಸೌದೆಯ ಹಣವನ್ನಷ್ಟೇ ಕೊಡುತ್ತಿದ್ದನು. ಮೂರು ಕಲ್ಲು ಹೂಡಿ ಛತ್ರದ ಹಿತ್ತಲಿನಲ್ಲಿ ಅನ್ನ ಬೇಯಿಸಿಕೊಂಡ ಕನ್ನಡಿಗನಿಗೆ ಇದು ತನ್ನದೇ ಕಥೆಯೆನಿಸೀತು. ಇನ್ನೂ ಸ್ವಾರಸ್ಯವಾದ ಮತ್ತೊಂದು ಬಗೆಯುಂಟು: 'ಕುಜಿಯಾದೊ'. ಇವು ವ್ಯಾಜ್ಯಗಳಿಗಾಗಿ ಹಳ್ಳಿಯಿಂದ ನಗರಕ್ಕೆ ಬಂದವರು ತಂಗುವ ಮನೆಗಳು. ಅಲ್ಲಿನ ಯಜಮಾನನು ಹಾಸಿಗೆಯನ್ನು ಕೊಡುವುದಲ್ಲದೆ ಅರ್ಜಿ ಬರೆಯಲು ನೆರವಾಗಿ, ನ್ಯಾಯಸ್ಥಾನದ ರೀತಿನೀತಿಗಳನ್ನು ತಿಳಿಸಿಕೊಡುತ್ತಿದ್ದನು. ನಗರವನ್ನು ಅರಿಯದವನಿಗೆ ವಸತಿಯೇ ವಕೀಲನಾಯಿತು.

ಹೊಸ ಕಾಲದಲ್ಲಿ ಅದೇ ಒಸಾಕಾ ಒಂದು ವಿಚಿತ್ರ ಹೋಟೆಲಿಗೆ ಜನ್ಮಕೊಟ್ಟಿತು. ಕಿಶೋ ಕುರೊಕಾವಾ ಎಂಬ ವಾಸ್ತುಶಿಲ್ಪಿ 1972ರಲ್ಲಿ ಟೋಕಿಯೋದಲ್ಲಿ ಪೆಟ್ಟಿಗೆಗಳನ್ನು ಪೇರಿಸಿದಂತಹ ಗೋಪುರವೊಂದನ್ನು ಕಟ್ಟಿದ್ದರು. ಅದನ್ನು 2022ರಲ್ಲಿ ಬಿಚ್ಚಿಹಾಕಲಾಯಿತು. ಅವರ ವಿನ್ಯಾಸದಂತೆಯೇ 1979ರಲ್ಲಿ ಒಸಾಕಾದ ಉಮೆದಾ ಎಂಬಲ್ಲಿ ಜಗತ್ತಿನ ಮೊದಲ ಕ್ಯಾಪ್ಸೂಲ್ ಹೋಟೆಲು ತೆರೆಯಿತು. ಕ್ಯಾಪ್ಸೂಲೆಂದರೆ ಗುಳಿಗೆ. ಸುಮಾರು ಎರಡು ಮೀಟರು ಉದ್ದ, ಒಂದು ಮೀಟರು ಅಗಲ, ಒಂದು ಮೀಟರು ಎತ್ತರದ ಗೂಡು. ಗೂಡಿನ ಮೇಲೊಂದು ಗೂಡು. ಒಳಗೆ ಕುಳಿತುಕೊಳ್ಳಬಹುದು, ನಿಲ್ಲಲಾಗದು. ಕೊನೆಯ ರೈಲು ತಪ್ಪಿಸಿಕೊಂಡ ಕಚೇರಿಯ ನೌಕರರು ಅದರ ಮೊದಲ ಗಿರಾಕಿಗಳು. ಹೆಣದ ಪೆಟ್ಟಿಗೆಯೆಂದು ನಕ್ಕವರೂ ಇದ್ದರು.

ನಗುವ ಮೊದಲು ಅಲ್ಲಿ ಏನನ್ನು ಕಡಿತಗೊಳಿಸಿದ್ದಾರೆ, ಏನನ್ನು ಉಳಿಸಿದ್ದಾರೆ ಎಂಬುದನ್ನು ಗಮನಿಸಬೇಕು. ಕಡಿತವಾದುದು ಸ್ಥಳ. ಬಾಗಿಲಿಗೆ ಬೀಗವೂ ಇಲ್ಲ, ಪರದೆ ಮಾತ್ರ. ಉಳಿದುದು ಶುಭ್ರವಾದ ಹಾಸಿಗೆ, ಗಂಟುಮೂಟೆಗೆ ಬೀಗವಿರುವ ಕಪಾಟು, ಎಲ್ಲರಿಗೂ ಸಾಮಾನ್ಯವಾದ ಬಿಸಿನೀರಿನ ಸ್ನಾನಗೃಹ. ಪಾದರಕ್ಷೆಗಳನ್ನು ಬಾಗಿಲಿನಲ್ಲಿಯೇ ಬಿಡಬೇಕು. ಮೊದಲು ಇಂತಹ ಹೋಟೆಲುಗಳು ಬಹುತೇಕ ಗಂಡಸರಿಗೆ ಮಾತ್ರವಿದ್ದವು. ಬರಬರುತ್ತ ಹೆಂಗಸರಿಗೆ ಪ್ರತ್ಯೇಕ ಅಂತಸ್ತುಗಳು ಏರ್ಪಟ್ಟವು. ಇಂದು ಒಂದು ರಾತ್ರಿಗೆ ಮೂರು ನಾಲ್ಕು ಸಾವಿರ ಯೆನ್ ಆಗಬಹುದು. ರಾಣೆಬೆನ್ನೂರಿನ ಲೆಕ್ಕದಲ್ಲಿ ಅದು ಅಗ್ಗವಲ್ಲ. ಅಲ್ಲಿನ ದುಡಿಮೆಯ ಲೆಕ್ಕದಲ್ಲಿ ಅಗ್ಗ.

ಆ ನಗರವನ್ನು ಸ್ವರ್ಗವೆಂದು ಭ್ರಮಿಸಲೂ ಬೇಕಿಲ್ಲ. ಅದೇ ಒಸಾಕಾದಲ್ಲಿ ಕಾಮಾಗಾಸಾಕಿ ಎಂಬ ಕೇರಿಯಿದೆ. ಕಟ್ಟಡ, ಬಂದರುಗಳಲ್ಲಿ ದಿನಗೂಲಿಗೆ ದುಡಿದವರು ಅಲ್ಲಿನ ಮೂರು ಚಾಪೆಯಗಲದ ಕೋಣೆಗಳಲ್ಲಿ ಬದುಕು ಸವೆಸಿದರು. ಆ ವಸತಿಗಳಿಗೆ 'ದೊಯಾ' ಎಂದು ಹೆಸರು. ಜಪಾನೀ ಭಾಷೆಯಲ್ಲಿ ತಂಗುಮನೆಗೆ 'ಯಾದೊ' ಎನ್ನುತ್ತಾರೆ. ಆ ಪದವನ್ನು ತಿರುವುಮುರುವು ಮಾಡಿದರೆ ದೊಯಾ. ವಸತಿಯೆಂದು ಕರೆಯಲೂ ತಕ್ಕುದಲ್ಲವೆಂಬ ಕಹಿಯನ್ನು ಕೂಲಿಗಾರರು ಹೀಗೆ ಅಕ್ಷರಗಳನ್ನು ಹೊರಳಿಸಿ ತೋರಿದರು. ಅವರು ಮುದುಕರಾಗಿ ಕೆಲಸ ತಗ್ಗಿದ ಮೇಲೆ, ಎರಡು ಸಾವಿರದ ಇಸವಿಯಿಂದ ಈಚೆಗೆ, ಅವೇ ಕೋಣೆಗಳಲ್ಲಿ ಕೆಲವು ವಿದೇಶದ ಪ್ರವಾಸಿಗರಿಗೆ ಅಗ್ಗದ ಹೋಟೆಲುಗಳಾಗಿ ಮಾರ್ಪಟ್ಟವು. ಒಬ್ಬನು ವಿಧಿಯಿಲ್ಲದೆ ಇಪ್ಪತ್ತು ವರ್ಷ ಕಳೆದ ಕೋಣೆಯಲ್ಲಿ ಇನ್ನೊಬ್ಬನು ಮೂರು ದಿನ ನಗುನಗುತ್ತ ಕಳೆದು ಹೋಗುತ್ತಾನೆ. ಅಗ್ಗದ ಕೋಣೆ ಪಯಣಿಗನಿಗೆ ತಕ್ಕುದು. ಅದೇ ಒಬ್ಬನ ಮನೆಯಾಗಬಾರದು.

ಕರ್ನಾಟಕದ ಸಣ್ಣ ಊರುಗಳಲ್ಲಿ ಕಡಿತದ ಲೆಕ್ಕ ತಲೆಕೆಳಗಾಗಿದೆ. ಕನ್ನಡದಲ್ಲಿ ಹೋಟೆಲೆಂದರೆ ತಿನ್ನುವ ಸ್ಥಳ. ಮಲಗುವ ಸ್ಥಳಕ್ಕೆ ಲಾಡ್ಜ್ ಎಂಬ ಬೇರೆ ಹೆಸರು. ತಿನ್ನುವ ವಿಷಯದಲ್ಲಿ ಉತ್ತರ ಕರ್ನಾಟಕಕ್ಕೆ ಕೊರತೆಯಿಲ್ಲ. ಖಾನಾವಳಿಯಲ್ಲಿ ಬಡವನೂ ಸಾಹುಕಾರನೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ರೊಟ್ಟಿ, ಒಂದೇ ಪಲ್ಯವನ್ನು ಉಣ್ಣುತ್ತಾರೆ. ಬೆಲೆ ಕಡಿಮೆಯೆಂದು ಅಲ್ಲಿ ಯಾರೂ ರೊಟ್ಟಿಯನ್ನು ಹಳಸಲು ಮಾಡಿ ಬಡಿಸುವುದಿಲ್ಲ. ಅಗ್ಗದ ಲಾಡ್ಜಿಗೆ ಬಂದರೆ ಆ ನೀತಿ ಮಾಯವಾಗುತ್ತದೆ. ಕೋಣೆ ವಿಶಾಲವಾಗಿಯೇ ಇರುತ್ತದೆ, ಗೋಡೆಗೆ ದೂರದರ್ಶನದ ಪೆಟ್ಟಿಗೆಯೂ ಉಂಟು. ಇಲ್ಲದಿರುವುದು ಒಗೆದ ಹೊದಿಕೆ, ನಲ್ಲಿಯಲ್ಲಿ ನೀರು, ಬಾಗಿಲಿಗೆ ಭದ್ರವಾದ ಚಿಲಕ. ಒಂಟಿಯಾಗಿ ಬಂದ ಹೆಂಗಸಿಗೆ ಕೋಣೆ ಖಾಲಿಯಿಲ್ಲವೆಂಬ ಉತ್ತರ ಸಿದ್ಧವಾಗಿರುತ್ತದೆ. ಆಸ್ಪತ್ರೆಯಲ್ಲಿರುವ ಮಗುವಿನ ತಾಯಿ, ಪರೀಕ್ಷೆ ಬರೆಯಲು ಬಂದ ಹುಡುಗಿ, ಸ್ವಸಹಾಯ ಸಂಘದ ಪರವಾಗಿ ಬೀಜ ಕೊಳ್ಳಲು ರಾಣೆಬೆನ್ನೂರಿಗೆ ಬಂದ ರೈತ ಮಹಿಳೆ ಬಸ್ ನಿಲ್ದಾಣದ ಬೆಂಚನ್ನೇ ನೆಚ್ಚಬೇಕಾಗುತ್ತದೆ. ಪುರುಷನಿಗೆ ಕಟ್ಟೆಯಾದರೂ ಉಂಟು.

ಲಾಡ್ಜ್ ನಡೆಸುವವರನ್ನಷ್ಟೇ ದೂರುವುದೂ ಸರಿಯಲ್ಲ. ದಿನಕ್ಕೆ 1,000 ರೂಪಾಯಿವರೆಗಿನ ಕೋಣೆಗಳಿಗೆ 2022ರ ಜುಲೈವರೆಗೆ ಸರಕು ಮತ್ತು ಸೇವಾ ತೆರಿಗೆಯ ವಿನಾಯಿತಿಯಿತ್ತು. ಆ ತಿಂಗಳ 18ರಿಂದ ಅವುಗಳ ಮೇಲೂ ನೂರಕ್ಕೆ 12ರಂತೆ ತೆರಿಗೆ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ನೂರಕ್ಕೆ 5ಕ್ಕೆ ಇಳಿಯಿತು. ತೀರ ಸಣ್ಣ ಲಾಡ್ಜುಗಳು ನೋಂದಣಿಯ ಮಿತಿಯೊಳಗೆ ಬಾರದೆ ಇರಬಹುದು. ಆದರೂ ಐನೂರು ರೂಪಾಯಿಯ ಕೋಣೆಯನ್ನೂ ಐದು ಸಾವಿರದ ಕೋಣೆಯನ್ನೂ ಒಂದೇ ಕಣ್ಣಿನಿಂದ ನೋಡುವ ತೆರಿಗೆಗೆ, ಮೊದಲನೆಯದು ಅವಶ್ಯಕತೆ, ಎರಡನೆಯದು ಅನುಕೂಲ ಎಂಬ ವಿವೇಚನೆ ಇಲ್ಲವೆಂದೇ ಹೇಳಬೇಕಾಗುತ್ತದೆ.

ಮಾರ್ಗ ದುಸ್ತರವೇನಲ್ಲ. ರಾಜ್ಯದ ಎಷ್ಟೋ ಮಾರುಕಟ್ಟೆ ಪ್ರಾಂಗಣಗಳಲ್ಲಿ ರೈತ ಭವನಗಳೆಂಬ ಕಟ್ಟಡಗಳು ಎದ್ದಿವೆ. ಕಟ್ಟಡ ಏಳುವುದು ಸುಲಭ, ಅದರಲ್ಲಿ ಪ್ರತಿದಿನ ಹೊದಿಕೆ ಒಗೆಯಿಸುವುದು ಕಷ್ಟ. ಆ ಹೊದಿಕೆಯ ಖರ್ಚಿಗಾಗಿಯೇ ಪಯಣಿಗನಿಂದ ಸಣ್ಣ ಬಾಡಿಗೆಯನ್ನು ಪಡೆಯಬೇಕು. ಉಳಿದ ವೆಚ್ಚವನ್ನು ವಹಿವಾಟಿನಿಂದ ಬರುವ ಮಾರುಕಟ್ಟೆ ಶುಲ್ಕದಿಂದ ಭರಿಸಬಹುದು. ಒಸಾಕಾದ ಗೂಡನ್ನು ಇಲ್ಲಿಗೆ ಹೊತ್ತು ತರಬೇಕಾಗಿಲ್ಲ. ಬಯಲಿನಲ್ಲಿ ಬೆಳೆದ ರೈತನಿಗೆ ಅದರಲ್ಲಿ ನಿದ್ದೆ ಬಾರದು. ಸಾಲು ಮಂಚಗಳಿರುವ ಒಂದು ಪಡಸಾಲೆ ಸಾಕು. ಪ್ರತಿ ಮಂಚಕ್ಕೆ ಬೀಗದ ಪೆಟ್ಟಿಗೆ, ಬಿಸಿನೀರು, ಹೆಂಗಸರಿಗೆ ಪ್ರತ್ಯೇಕ ಪಡಸಾಲೆ ಮತ್ತು ಅಲ್ಲಿಗೊಬ್ಬ ಮೇಲ್ವಿಚಾರಕಿ, ಚೀಲಗಳಿಗೆ ರಾತ್ರಿಯ ಪಹರೆ ಇರಲಿ. ಅರ್ಜಿ ಬರೆಯಬಲ್ಲ, ಫೋನಿನ ತೆರೆಯ ಮೇಲೆ ಬೇರೆ ಪೇಟೆಗಳ ದರವನ್ನು ಓದಿ ಹೇಳಬಲ್ಲ ಗುಮಾಸ್ತನೊಬ್ಬ ಸಂಜೆ ಅಲ್ಲಿ ಕುಳಿತರೆ ಹಳೆಯ ಕುಜಿಯಾದೊ ಬ್ಯಾಡಗಿಯಲ್ಲಿಯೇ ತೆರೆದಂತಾಗುತ್ತದೆ.

ಮಾರುಕಟ್ಟೆಯಲ್ಲಿ ಆ ದಿನದ ದರಗಳನ್ನು ಪ್ರಕಟಿಸುತ್ತಾರೆ: ಡಬ್ಬಿಗೆ ಇಷ್ಟು, ಕಡ್ಡಿಗೆ ಇಷ್ಟು. ಅದೇ ಹಲಗೆಯ ಕೆಳಗೆ ಇನ್ನೊಂದು ಸಾಲಿಗೆ ಸ್ಥಳವಿದ್ದೇ ಇರುತ್ತದೆ: ಈ ರಾತ್ರಿ ಖಾಲಿಯಿರುವ ಮಂಚಗಳು ಇಷ್ಟು.